ಅಸಲಿಯೋ ನಕಲಿಯೋ: ಗಣಕಯಂತ್ರ ಕೇಳುವ ರುಜುವಾತು



ಕಿರುತೆರೆಯ ಮಾತುಕತೆಯಲ್ಲಿ ಅಂಕಿ-ಅಂಶಗಳು ಕಿವಿಗೆ ಬಿದ್ದು ಹಾಗೆಯೇ ಹಾರಿಹೋಗುವುದುಂಟು. ಗಣಕಯಂತ್ರದ ವಿಷಯವಾದರಂತೂ ಹೊಸ ಪದಗಳ ಗಲಾಟೆ ಬೇರೆ. ಬಿಡುವಾದಾಗ ಓದಿಕೊಳ್ಳಲು, ಬೇಕಾದಾಗ ತೆಗೆದು ನೋಡಲು ಅನುಕೂಲವಾಗಲೆಂದು ಈ ವಿಷಯವನ್ನು ಇಲ್ಲಿ ಕೊಂಚ ವಿಸ್ತರಿಸಿ ಕೊಡಲಾಗಿದೆ.

ಗಣಕ ಬಳಸುವವರಲ್ಲಿ ಅನೇಕರು ಒಮ್ಮೆಯಾದರೂ ಈ ಸಂದೇಶ ಕಂಡಿರುತ್ತಾರೆ. ತೆರೆಯ ಬಲಬದಿಯ ಕೆಳಮೂಲೆಯಲ್ಲಿ, ಮಸುಕಾದ ಅಕ್ಷರಗಳಲ್ಲಿ, ವಿಂಡೋಸನ್ನು ಸಕ್ರಿಯಗೊಳಿಸಿ ಎಂದಿರುತ್ತದೆ. ಹಿಂದಿನ ಯಂತ್ರಗಳಲ್ಲಿ ಮಾತು ಇನ್ನೂ ಖಡಾಖಂಡಿತವಾಗಿತ್ತು: ನಿಮ್ಮಲ್ಲಿರುವ ಪ್ರತಿ ಅಸಲಿಯಲ್ಲ! ಈ ಮಾತನ್ನು ನೋಡುವವರಲ್ಲಿ ಎರಡು ಬಗೆಯವರಿದ್ದಾರೆ. ಒಬ್ಬನಿಗೆ ತನ್ನಲ್ಲಿರುವುದು ಕಳ್ಳನಕಲು ಎಂದು ಗೊತ್ತು. ಇನ್ನೊಬ್ಬ ಅಂಗಡಿಗೆ ಪೂರ್ತಿ ಹಣ ಕೊಟ್ಟು ರಸೀದಿ ಇಟ್ಟುಕೊಂಡವನು. ಯಂತ್ರ ಇಬ್ಬರಿಗೂ ಒಂದೇ ದನಿಯಲ್ಲಿ ಹೇಳುತ್ತದೆ. ಮೊದಲನೆಯವನು ನಕ್ಕು ಸುಮ್ಮನಾಗುತ್ತಾನೆ, ಎರಡನೆಯವನಿಗೆ ಎದೆ ಧಸಕ್ಕೆನ್ನುತ್ತದೆ. ಹೀಗೇಕೆ ಆಗುತ್ತದೆ, ಈ ತಪಾಸಣೆ ಒಳಗೊಳಗೆ ಹೇಗೆ ನಡೆಯುತ್ತದೆ, ಅದರಿಂದ ಯಾರಿಗೆ ಲಾಭ, ಯಾರಿಗೆ ತೊಂದರೆ ಎಂಬುದನ್ನು ನೋಡೋಣ.

ಮೊದಲು ಒಂದು ಪದದ ಅರ್ಥ ತಿಳಿಯೋಣ. ಗಣಕದ ಗುಂಡಿ ಒತ್ತಿದ ಕೂಡಲೇ ಎದ್ದು ನಿಂತು, ಕೀಲಿಮಣೆ, ತೆರೆ, ಮುದ್ರಕ, ಸ್ಮೃತಿ ಇವೆಲ್ಲವನ್ನೂ ಹಿಡಿತದಲ್ಲಿಟ್ಟುಕೊಂಡು, ಉಳಿದ ತಂತ್ರಾಂಶಗಳಿಗೆ ಕೆಲಸ ಹಂಚುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎನ್ನುತ್ತಾರೆ. ಮದುವೆ ಮನೆಯಲ್ಲಿ ಅಡುಗೆಯವರಿಗೂ ಬಡಿಸುವವರಿಗೂ ಸಾಮಾನು ತೆಗೆದುಕೊಡುವ ಉಗ್ರಾಣದ ಯಜಮಾನನಿದ್ದ ಹಾಗೆ. ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಇಂಥದೊಂದು ವ್ಯವಸ್ಥೆ. ಮನೆ, ಕಚೇರಿ, ಶಾಲೆಗಳ ಗಣಕಗಳಲ್ಲಿ ಬಹುಪಾಲು ಇದೇ ಇರುವುದರಿಂದ ಈ ಲೇಖನದಲ್ಲಿ ಅದರ ಕಥೆಯನ್ನೇ ಹಿಡಿದಿದ್ದೇವೆ.

ಸೈಕಲ್ ಕದ್ದರೆ ಯಜಮಾನನಿಗೆ ಸೈಕಲ್ ಇಲ್ಲವಾಗುತ್ತದೆ. ತಂತ್ರಾಂಶವನ್ನು ನಕಲು ಮಾಡಿದರೆ ಮೂಲ ಪ್ರತಿ ಇದ್ದಲ್ಲೇ ಇರುತ್ತದೆ, ಒಂದಕ್ಕೆ ಎರಡಾಗುತ್ತದೆ. ಮೇಲಾಗಿ ನಕಲಿಗೂ ಅಸಲಿಗೂ ಒಂದು ಚುಕ್ಕೆಯ ವ್ಯತ್ಯಾಸವೂ ಇರುವುದಿಲ್ಲ. ಹಾಡಿನ ಕ್ಯಾಸೆಟ್ಟನ್ನು ನಕಲಿನಿಂದ ನಕಲು ಮಾಡುತ್ತಾ ಹೋದರೆ ಗೊರಗೊರ ಸದ್ದು ಹೆಚ್ಚುತ್ತಿತ್ತು. ತಂತ್ರಾಂಶದ ಸಾವಿರನೆಯ ನಕಲೂ ಮೊದಲನೆಯದರಷ್ಟೇ ಶುದ್ಧ. ಆದ್ದರಿಂದಲೇ ತಯಾರಕರು ತಂತ್ರಾಂಶವನ್ನು ಮಾರುವುದಿಲ್ಲ, ಬಳಸುವ ಪರವಾನಗಿಯನ್ನು ಕೊಡುತ್ತಾರೆ. ನೀವು ಹಣ ಕೊಟ್ಟು ತಂದ ಪೆಟ್ಟಿಗೆಯಲ್ಲಿ ನಿಮ್ಮದಾಗುವುದು ತಟ್ಟೆ ಮತ್ತು ಕಾಗದ ಮಾತ್ರ. ಒಳಗಿನದು ಬಾಡಿಗೆ ಮನೆಯ ಹಾಗೆ, ಕರಾರಿನ ಪ್ರಕಾರ ಇರಬೇಕು. ಒಂದು ಪರವಾನಗಿಯನ್ನು ಹತ್ತು ಯಂತ್ರಗಳಿಗೆ ಹಾಕಿದರೆ, ತಟ್ಟೆ ಅಸಲಿಯಾಗಿದ್ದರೂ ಒಂಬತ್ತು ಕಡೆ ಅದು ಕಳ್ಳನಕಲೇ. ಈ ಸೂಕ್ಷ್ಮ ಬಹಳ ಜನಕ್ಕೆ ತಿಳಿದಿಲ್ಲ.

ಈ ಜಗಳ ಹೊಸದೇನಲ್ಲ. ಅಮೆರಿಕದಲ್ಲಿ ಆಲ್ಟೇರ್ 8800 ಎಂಬ ಪುಟ್ಟ ಗಣಕ ಬಂದಾಗ, ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ ಅದಕ್ಕಾಗಿ ಬೇಸಿಕ್ ಎಂಬ ಭಾಷೆಯ ತಂತ್ರಾಂಶ ಸಿದ್ಧಪಡಿಸಿದರು. ಆಗ ತಂತ್ರಾಂಶ ಕಾಗದದ ಉದ್ದ ಪಟ್ಟಿಯಲ್ಲಿ ತೂತುಗಳ ರೂಪದಲ್ಲಿರುತ್ತಿತ್ತು. ಹವ್ಯಾಸಿಗಳು ಆ ಪಟ್ಟಿಯ ನಕಲು ತೆಗೆದು ಸ್ನೇಹಿತರಿಗೆ ಹಂಚಿದರು. 1976 ರ ಫೆಬ್ರವರಿಯಲ್ಲಿ, ಇಪ್ಪತ್ತು ವರ್ಷದ ಗೇಟ್ಸ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಆಲ್ಟೇರ್ ಇಟ್ಟುಕೊಂಡವರಲ್ಲಿ ಶೇಕಡಾ 10 ಕ್ಕಿಂತ ಕಡಿಮೆ ಜನ ಬೇಸಿಕ್ಕನ್ನು ಹಣ ಕೊಟ್ಟು ಕೊಂಡಿದ್ದಾರೆ, ಲೆಕ್ಕ ಹಾಕಿದರೆ ತಮ್ಮ ದುಡಿಮೆಗೆ ಗಂಟೆಗೆ 2 ಡಾಲರ್ ಕೂಡ ಗಿಟ್ಟಿಲ್ಲ ಎಂಬುದು ಅವರ ದೂರು. ಯಂತ್ರಕ್ಕೆ ಹಣ ಕೊಡುವವರು ತಂತ್ರಾಂಶವನ್ನು ಮಾತ್ರ ಹಂಚಿಕೊಳ್ಳುವ ವಸ್ತು ಎಂದುಕೊಳ್ಳುವುದೇಕೆ ಎಂದು ಅವರು ಕೇಳಿದರು. ಪತ್ರ ಓದಿ ಬೇಸರಪಟ್ಟವರೇ ಹೆಚ್ಚು. ಆದರೆ ಪ್ರಶ್ನೆ ನ್ಯಾಯವಾದದ್ದೇ.

ಕೀಲಿಸಂಖ್ಯೆಯ ಕಾಲ

ಮುಂದೆ ಸಂಖ್ಯೆಯೊಂದನ್ನು ಕಾವಲಿಗೆ ನಿಲ್ಲಿಸುವ ರೂಢಿ ಬಂತು. ಪೆಟ್ಟಿಗೆಯ ಮೇಲೆ ಮುದ್ರಿಸಿದ ಕೀಲಿಸಂಖ್ಯೆಯನ್ನು ಸರಿಯಾಗಿ ಒತ್ತಿದರೆ ಮಾತ್ರ ತಂತ್ರಾಂಶ ಯಂತ್ರದೊಳಕ್ಕೆ ಇಳಿಯುತ್ತದೆ. 1995 ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ 95 ರಲ್ಲಿ ಈ ಕಾವಲು ಎಷ್ಟು ಮುಗ್ಧವಾಗಿತ್ತೆಂದರೆ ಈಗ ನಗು ಬರುತ್ತದೆ. ಮೂರು ಅಂಕಿ, ಒಂದು ಅಡ್ಡಗೆರೆ, ಏಳು ಅಂಕಿ ಇಷ್ಟೇ ಕೀಲಿ. ಕೊನೆಯ ಏಳು ಅಂಕಿಗಳನ್ನು ಕೂಡಿದರೆ ಬರುವ ಮೊತ್ತ ಏಳರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಹಾಗಾದರೆ ಏಳು ಸಲ ಒಂದು ಒತ್ತಿದರೂ ಆಯಿತು, ಒಂದೇಳಲೇಳು! ಪ್ರಾಥಮಿಕ ಶಾಲೆಯ ಮಗ್ಗಿ ಬಲ್ಲ ಮಗುವೂ ಈ ಬೀಗ ತೆಗೆಯಬಹುದಿತ್ತು.

2001 ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಕೀಲಿ 25 ಅಕ್ಷರಗಳದು. ಇದರಲ್ಲಿ ಬಳಕೆಯಾಗುವುದು 24 ಚಿಹ್ನೆಗಳು ಮಾತ್ರ, ಅಂದರೆ ಇಂಗ್ಲಿಷಿನ 17 ವ್ಯಂಜನಗಳು ಮತ್ತು 7 ಅಂಕಿಗಳು. ಸ್ವರಾಕ್ಷರಗಳು ಒಂದೂ ಇಲ್ಲ. ಸೊನ್ನೆ, ಒಂದು, ಐದು ಈ ಅಂಕಿಗಳೂ ಇಲ್ಲ, ಏಕೆಂದರೆ ಓದುವಾಗ ಅವು ಓ, ಐ, ಎಸ್ ಎಂಬ ಅಕ್ಷರಗಳ ಜೊತೆ ಗೊಂದಲವಾಗುತ್ತವೆ. 24 ಚಿಹ್ನೆಗಳನ್ನು 25 ಸ್ಥಾನಗಳಲ್ಲಿ ಜೋಡಿಸುವ ವಿಧಾನಗಳ ಒಟ್ಟು ಲೆಕ್ಕ ಬರೆದರೆ ಅದು 35 ಅಂಕಿಗಳ ಸಂಖ್ಯೆಯಾಗುತ್ತದೆ. ಅವುಗಳಲ್ಲಿ ಸರಿಯಾದವು ಅತ್ಯಲ್ಪ. ಕಂಪನಿ ಗುಪ್ತ ಗಣಿತದಿಂದ ಪ್ರತಿ ಕೀಲಿಯೊಳಗೂ ತನ್ನ ಸಹಿ ಹುದುಗಿಸಿರುತ್ತದೆ. ಊಹಿಸಿ ಒತ್ತಿ ಗೆಲ್ಲುವ ಆಟ ಇಲ್ಲಿಗೆ ಮುಗಿಯಿತು.

ಆದರೂ ಒಂದು ಕೊರತೆ ಉಳಿಯಿತು. ಕೀಲಿ ಸರಿಯೇ ಎಂದು ಯಂತ್ರ ತಾನೇ ಪರೀಕ್ಷಿಸಬಲ್ಲದು. ಇದೇ ಕೀಲಿಯನ್ನು ಪಕ್ಕದ ಮನೆಯಲ್ಲೂ ಒತ್ತಿದ್ದಾರೆಯೇ ಎಂಬುದು ಅದಕ್ಕೆ ತಿಳಿಯುವ ಬಗೆಯಿಲ್ಲ. ಅದನ್ನು ತಿಳಿಯಬೇಕಾದರೆ ಎಲ್ಲ ಕೀಲಿಗಳ ಲೆಕ್ಕವಿಟ್ಟ ಒಂದು ಕೇಂದ್ರವಿರಬೇಕು, ಪ್ರತಿ ಯಂತ್ರವೂ ಅಲ್ಲಿಗೆ ಒಮ್ಮೆ ಹಾಜರಿ ಹಾಕಬೇಕು. ಈ ಹಾಜರಿಯ ಹೆಸರೇ ಆಕ್ಟಿವೇಶನ್, ಸಕ್ರಿಯಗೊಳಿಸುವಿಕೆ. ಎಕ್ಸ್‌ಪಿ ವ್ಯವಸ್ಥೆಯಲ್ಲಿ ಇದಕ್ಕೆ 30 ದಿನಗಳ ಗಡುವಿತ್ತು. ಗಡುವು ಮೀರಿದರೆ ಒಳಗೆ ಪ್ರವೇಶವಿಲ್ಲ.

ಹಾಜರಿ ಹಾಕುವಾಗ ಯಂತ್ರ ಏನನ್ನು ಹೇಳುತ್ತದೆ? ನಿಮ್ಮ ಹೆಸರು, ವಿಳಾಸಗಳನ್ನಲ್ಲ. ತನ್ನ ಮೈಗುರುತನ್ನು ಹೇಳುತ್ತದೆ. ಮೊದಲೆಲ್ಲ ಶಾಲಾ ದಾಖಲಾತಿ ಪುಸ್ತಕದಲ್ಲಿ 'ಬಲಗೆನ್ನೆಯ ಮೇಲೆ ಮಚ್ಚೆ' ಎಂದು ಬರೆಯುತ್ತಿದ್ದರಲ್ಲ, ಹಾಗೆ. ಸಂಸ್ಕಾರಕದ ಜಾತಿ ಮತ್ತು ಕ್ರಮಸಂಖ್ಯೆ, ಸ್ಮೃತಿಯ ಗಾತ್ರ, ಹಾರ್ಡ್ ಡಿಸ್ಕ್, ಅದರ ಮೇಲಿನ ವಿಭಾಗದ ಸಂಖ್ಯೆ, ಸಿಡಿ ಓದುವ ಸಾಧನ, ಚಿತ್ರದ ಕಾರ್ಡು, ಜಾಲಕ್ಕೆ ಜೋಡಿಸುವ ಕಾರ್ಡು ಹೀಗೆ ಒಟ್ಟು ಹತ್ತು ಗುರುತುಗಳು. ಪ್ರತಿಯೊಂದನ್ನೂ ಗಣಿತದ ಒರಳಿನಲ್ಲಿ ಕುಟ್ಟಿ ಪುಡಿಮಾಡಿ ಕೆಲವೇ ಅಂಶಗಳ ಸಂಕೇತವನ್ನಾಗಿ ಮಾಡಲಾಗುತ್ತದೆ. ಅವಲಕ್ಕಿ ನೋಡಿ ಯಾವ ಗದ್ದೆಯ ಭತ್ತ ಎಂದು ಹೇಳಲಾಗದಂತೆ, ಈ ಸಂಕೇತದಿಂದ ಮೂಲ ವಿವರವನ್ನು ಮರಳಿ ಪಡೆಯಲಾಗದು. 2001 ರ ಬೇಸಿಗೆಯಲ್ಲಿ ಜರ್ಮನಿಯ ಒಂದು ಪುಟ್ಟ ಸಂಸ್ಥೆ ಈ ಇಡೀ ವಿಧಾನವನ್ನು ಬಿಡಿಸಿ ನೋಡಿ ವಿವರ ಪ್ರಕಟಿಸಿತು. ಬಳಕೆದಾರನ ಖಾಸಗಿ ವಿಷಯ ಇದರಿಂದ ಹೊರಹೋಗುತ್ತಿಲ್ಲ ಎಂಬುದು ಅದರಿಂದ ಸ್ಪಷ್ಟವಾಯಿತು.

ಈ ಮೈಗುರುತು ಮತ್ತು ಕೀಲಿ ಎರಡೂ ಸೇರಿ 50 ಅಂಕಿಗಳ ಒಂದು ಸಂಖ್ಯೆ ತಯಾರಾಗುತ್ತಿತ್ತು. ಅಂತರಜಾಲ ಸಂಪರ್ಕವಿದ್ದರೆ ಯಂತ್ರಗಳೇ ತಮ್ಮತಮ್ಮಲ್ಲಿ ಮಾತಾಡಿಕೊಂಡು ಕ್ಷಣದಲ್ಲಿ ಕೆಲಸ ಮುಗಿಸುತ್ತಿದ್ದವು. ಇಲ್ಲದಿದ್ದರೆ ದೂರವಾಣಿಯೇ ಗತಿ. ಈ ಕಡೆಯವರು 50 ಅಂಕಿಗಳನ್ನು ಓದಬೇಕು, ಆ ಕಡೆಯಿಂದ ಬರುವ 42 ಅಂಕಿಗಳನ್ನು ಬರೆದುಕೊಳ್ಳಬೇಕು, ಆಮೇಲೆ ಒಂದೂ ತಪ್ಪದಂತೆ ಒತ್ತಬೇಕು. ಅಂತರಜಾಲವೆಂದರೆ ಫೋನ್ ತಂತಿಯ ಮೇಲೆ ಕೊರಗುಟ್ಟುವ ಮೋಡೆಮ್ ಎಂದಿದ್ದ ಕಾಲದಲ್ಲಿ ಇದು ಸಣ್ಣ ಕಷ್ಟವೇನಲ್ಲ. ಹಣ ಕೊಟ್ಟು ಕೊಂಡವನು ಮಾತ್ರ ಈ ಕಷ್ಟ ಪಡಬೇಕಿತ್ತು ಎಂಬುದನ್ನು ಗಮನಿಸಿ.

ಯಂತ್ರದ ಭಾಗಗಳನ್ನು ಬದಲಿಸಿದರೆ? ಅದಕ್ಕೂ ಒಂದು ಉದಾರತೆ ಇತ್ತು. ಒಂದೆರಡು ಗುರುತು ಬದಲಾದರೆ ಯಂತ್ರ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಜಾಲದ ಕಾರ್ಡಿಗೆ ಮಾತ್ರ ಹೆಚ್ಚಿನ ಬೆಲೆ. ಅದು ಹಾಗೆಯೇ ಉಳಿದಿದ್ದರೆ ಇನ್ನಷ್ಟು ಭಾಗಗಳನ್ನು ಧಾರಾಳವಾಗಿ ಬದಲಾಯಿಸಬಹುದಿತ್ತು. ಮಿತಿ ಮೀರಿದರೆ 'ಇದು ಬೇರೆ ಯಂತ್ರ' ಎಂದು ತೀರ್ಮಾನವಾಗಿ ಮತ್ತೆ ಹಾಜರಿ. ಕೈಕಾಲು ಕಣ್ಣು ಎಲ್ಲ ಬದಲಾದ ಮೇಲೂ ಅವನೇ ಇವನು ಎನ್ನಲು ಯಾರಿಗಾದರೂ ಕಷ್ಟವೇ ಸರಿ.

ಹಿಂಬಾಗಿಲು

ಇಷ್ಟೆಲ್ಲ ಕಟ್ಟುಪಾಡು ಮಾಡಿದ ಕಂಪನಿ ಹಿಂಬಾಗಿಲಿಗೆ ಅಗಳಿ ಹಾಕಲು ಆಗಲಿಲ್ಲ. ಸಾವಿರಾರು ಗಣಕಗಳಿರುವ ದೊಡ್ಡ ಸಂಸ್ಥೆಗಳು ಒಂದೊಂದು ಯಂತ್ರಕ್ಕೂ ಹಾಜರಿ ಹಾಕಿಸುತ್ತ ಕೂರುವುದು ಸಾಧ್ಯವೇ? ಅವರಿಗಾಗಿ ಹಾಜರಿಯನ್ನೇ ಕೇಳದ ವಿಶೇಷ ಕೀಲಿಗಳನ್ನು ಕೊಡಲಾಗಿತ್ತು. ಅಂಥ ಒಂದು ಕೀಲಿ, ಎಕ್ಸ್‌ಪಿ 2001 ರ ಅಕ್ಟೋಬರ್ 25 ರಂದು ಅಂಗಡಿಗೆ ಬರುವ ವಾರಗಳ ಮೊದಲೇ ಸೋರಿಹೋಯಿತು. ಜಗತ್ತಿನ ಮೂಲೆಮೂಲೆಯಲ್ಲಿ ಅದನ್ನು ತಟ್ಟೆಗಳ ಮೇಲೆ ಸ್ಕೆಚ್ ಪೆನ್ನಿನಿಂದ ಬರೆದಿಟ್ಟರು. ಎಷ್ಟೋ ಮಂದಿ ದುರಸ್ತಿಗಾರರಿಗೆ ಆ 25 ಅಕ್ಷರಗಳು ಬಾಯಿಪಾಠವಾಗಿದ್ದವು. 2002 ರ ಸೆಪ್ಟೆಂಬರಿನಲ್ಲಿ ಬಂದ ಮೊದಲ ಪರಿಷ್ಕರಣೆ ಆ ಕೀಲಿಯನ್ನು ತಿರಸ್ಕರಿಸಿತು. ಅಷ್ಟರಲ್ಲಿ ಬೇರೆ ಕೀಲಿಗಳು ಬಂದಿದ್ದವು.

ಹಾಗಾದರೆ ಹಾಜರಿ ಪದ್ಧತಿ ವ್ಯರ್ಥವೇ? ಹಾಗೆನ್ನಲಾಗದು. ಒಂದು ತಟ್ಟೆ ಕೊಂಡು ತಮ್ಮ, ಭಾವ, ನೆರೆಮನೆ ಎಂದು ನಾಲ್ಕು ಕಡೆ ಹಾಕುವ ಸಲಿಗೆಯ ನಕಲನ್ನು ತಡೆಯುವುದೇ ತನ್ನ ಗುರಿ ಎಂದು ಕಂಪನಿ ಮೊದಲೇ ಹೇಳಿತ್ತು. ಅಷ್ಟರ ಮಟ್ಟಿಗೆ ಅದು ಕೆಲಸ ಮಾಡಿತು. ವೃತ್ತಿಪರ ನಕಲುಗಾರನನ್ನು ಮಾತ್ರ ಅದು ತಡೆಯಲಿಲ್ಲ. ಆತ ತಟ್ಟೆಯನ್ನು ಹಾಜರಿಯ ಗೊಡವೆ ಇಲ್ಲದಂತೆ ಮಾಡಿಯೇ ಮಾರುತ್ತಿದ್ದ. ಹೀಗಾಗಿ ಕೊಂಡವನ ಪ್ರತಿಗಿಂತ ಕದ್ದ ಪ್ರತಿಯೇ ಹೆಚ್ಚು ಸಲೀಸು ಎಂಬ ವಿಚಿತ್ರ ಪರಿಸ್ಥಿತಿ ಬಂತು.

ಮುಂದಿನ ಹೆಜ್ಜೆಯೆಂದರೆ ಒಮ್ಮೆ ಹಾಜರಿ ಹಾಕಿದವರನ್ನೂ ಮತ್ತೆಮತ್ತೆ ಕರೆದು ವಿಚಾರಿಸುವುದು. ಇದಕ್ಕೆ ವಿಂಡೋಸ್ ಜೆನ್ಯೂಯಿನ್ ಅಡ್ವಾಂಟೇಜ್ ಎಂದು ಹೆಸರು. ಅಸಲಿಯ ಅನುಕೂಲ ಎಂದು ಇದರ ಅರ್ಥ. 2005 ರ ಜುಲೈಯಿಂದ, ಮೈಕ್ರೋಸಾಫ್ಟ್ ತಾಣದಿಂದ ಭದ್ರತೆಗೆ ಸಂಬಂಧಿಸದ ಏನನ್ನೇ ಇಳಿಸಿಕೊಳ್ಳಬೇಕಾದರೂ ಈ ಪರೀಕ್ಷೆ ಪಾಸಾಗಬೇಕಾಯಿತು. ಕೆಲವೇ ದಿನಗಳಲ್ಲಿ, ಬ್ರೌಸರಿನ ವಿಳಾಸದ ಜಾಗದಲ್ಲಿ ಒಂದೇ ಒಂದು ಸಾಲು ಟೈಪು ಮಾಡಿ ಈ ಪರೀಕ್ಷೆಯನ್ನು ತಪ್ಪಿಸಿಕೊಳ್ಳಬಹುದೆಂದು ಜನ ಕಂಡುಕೊಂಡರು. 2006 ರಲ್ಲಿ ಇದರ ಇನ್ನೊಂದು ಭಾಗ ಯಂತ್ರಗಳಿಗೆ ಬಂದಿಳಿಯಿತು. ಅದು ಪ್ರತಿದಿನ ಕೇಂದ್ರದ ಜೊತೆ ಸಂಪರ್ಕ ಬೆಳೆಸುತ್ತದೆ ಎಂಬುದು ಆ ವರ್ಷದ ಜೂನ್‌ನಲ್ಲಿ ಬಯಲಾದಾಗ ಅಮೆರಿಕದಲ್ಲಿ ದೊಡ್ಡ ಗದ್ದಲವಾಯಿತು, ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಹೇಳದೆ ಕೇಳದೆ ದಿನಾ ವರದಿ ಒಪ್ಪಿಸುವುದೇಕೆ ಎಂಬುದು ಜನರ ಆಕ್ಷೇಪ. ಕಂಪನಿ ಅದನ್ನು ತಿದ್ದಿಕೊಂಡಿತು.

ಈ ಕಥೆಯಲ್ಲಿ ನಾವು ಸ್ವಲ್ಪ ಹೊತ್ತು ನಿಲ್ಲಬೇಕಾದ ಜಾಗ 2007 ರ ಆಗಸ್ಟ್ 24. ಆ ಶುಕ್ರವಾರ ಮಧ್ಯಾಹ್ನ ಅಮೆರಿಕದಲ್ಲಿ, ಇನ್ನೂ ಪರೀಕ್ಷೆಯ ಹಂತದಲ್ಲಿದ್ದ ಒಂದಿಷ್ಟು ತಂತ್ರಾಂಶವನ್ನು ಸಿಬ್ಬಂದಿ ಕಣ್ತಪ್ಪಿನಿಂದ ನಿಜವಾದ ತಪಾಸಣಾ ಗಣಕಗಳ ಮೇಲೆ ಹಾಕಿಬಿಟ್ಟರು. ಕೀಲಿಗಳನ್ನು ಓದುವ ಹೊಸ ವಿಧಾನಕ್ಕೆ ಆ ಗಣಕಗಳು ಸಿದ್ಧವಾಗಿರಲಿಲ್ಲ. ಪರಿಣಾಮವಾಗಿ, ಬಾಗಿಲು ತಟ್ಟಿದ ಅಸಲಿ ಯಂತ್ರಗಳಿಗೆ 'ನೀನು ನಕಲಿ' ಎಂಬ ಉತ್ತರ ಸಿಗತೊಡಗಿತು. ಎಕ್ಸ್‌ಪಿ ಇದ್ದವರಿಗೆ ಎಚ್ಚರಿಕೆಯ ಮಾತು ಬಂತು. ಹೊಸದಾಗಿ ಬಂದಿದ್ದ ವಿಸ್ತಾ ಇದ್ದವರಿಗೆ ತೆರೆಯ ಹೊಳಪಿನ ವಿನ್ಯಾಸವೂ ಇನ್ನು ಕೆಲವು ಸೌಲಭ್ಯಗಳೂ ನಿಂತುಹೋದವು. ಎಲ್ಲ ಸರಿಹೋಗಲು ಸುಮಾರು 19 ಗಂಟೆ ಬೇಕಾಯಿತು. ನಮ್ಮ ದೇಶದ ಗಡಿಯಾರದಲ್ಲಿ ಅದು ಹೆಚ್ಚುಕಡಿಮೆ ಇಡೀ ಶನಿವಾರ. ತೊಂದರೆಗೊಳಗಾದ ಯಂತ್ರಗಳು 12,000 ಕ್ಕಿಂತ ಕಡಿಮೆ ಎಂದು ಕಂಪನಿ ಲೆಕ್ಕ ಕೊಟ್ಟಿತು.

ಕೋಟಿಗಟ್ಟಲೆ ಯಂತ್ರಗಳಲ್ಲಿ 12,000 ಏನು ಮಹಾ ಎನ್ನಬಹುದು. ಆದರೆ ಕಂಪನಿ ಆಗ ಕೊಟ್ಟ ವಿವರಣೆಯಲ್ಲಿ ಒಂದು ಮಾತು ಬಹಳ ಮುಖ್ಯವಾದದ್ದು. ಕೇಂದ್ರ ಕೆಟ್ಟು ನಿಂತಿದ್ದರೆ ಯಾರಿಗೂ ತೊಂದರೆಯಾಗುತ್ತಿರಲಿಲ್ಲ, ಉತ್ತರ ಸಿಗದಿದ್ದಾಗ ಯಂತ್ರವನ್ನು ಅಸಲಿಯೆಂದೇ ನಂಬುವಂತೆ ವ್ಯವಸ್ಥೆ ಮಾಡಲಾಗಿದೆ ಎಂದು ಅವರು ತಿಳಿಸಿದರು. ಇದು ಒಳ್ಳೆಯ ನಿಯಮ. ಅಂದು ಆದದ್ದು ಬೇರೆ. ಕೇಂದ್ರ ಎಚ್ಚರವಾಗಿಯೇ ಇತ್ತು, ತಪ್ಪು ತೀರ್ಪು ಕೊಡುತ್ತಿತ್ತು. ಕಾವಲುಗಾರ ನಿದ್ದೆ ಹೋದರೆ ಏನು ಮಾಡಬೇಕೆಂದು ಯೋಚಿಸಿದ್ದವರು, ಕಾವಲುಗಾರನೇ ಮನೆಯವರನ್ನು ಕಳ್ಳರೆಂದು ಹಿಡಿದರೆ ಏನು ಮಾಡಬೇಕೆಂದು ಯೋಚಿಸಿರಲಿಲ್ಲ. ರಸೀದಿ ಕೈಯಲ್ಲಿದ್ದರೂ ಅದನ್ನು ತೋರಿಸಲು ಆ ಯಂತ್ರದಲ್ಲಿ ಜಾಗವಿರಲಿಲ್ಲ. ಕಳ್ಳನಕಲು ಇದ್ದವರಿಗೆ ಆ ದಿನ ಏನೂ ಆಗಲಿಲ್ಲ, ಅವರು ಈ ಬಾಗಿಲನ್ನು ತಟ್ಟುತ್ತಲೇ ಇರಲಿಲ್ಲವಲ್ಲ!

ಇದರ ಪಾಠ ಕಂಪನಿಗೆ ತಟ್ಟಿತೆಂದೇ ಹೇಳಬೇಕು. ವಿಸ್ತಾ ಮೊದಲು ಬಂದಾಗ, ಪರೀಕ್ಷೆಯಲ್ಲಿ ನಪಾಸಾದ ಯಂತ್ರವನ್ನು ಬಹುಪಾಲು ಮುಚ್ಚಿಬಿಟ್ಟು, ಅಂತರಜಾಲ ನೋಡಲು ಒಂದು ಗಂಟೆ ಮಾತ್ರ ಬಿಡುವ ಕಠಿಣ ಕ್ರಮವಿತ್ತು. 2008 ರ ಪರಿಷ್ಕರಣೆಯಲ್ಲಿ ಅದನ್ನು ಕೈಬಿಟ್ಟು, ಬರೀ ನೆನಪಿಸುತ್ತಾ ಕಾಡುವ ಮಾರ್ಗ ಹಿಡಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಚೀನಾದಲ್ಲಿ ಈ ಕಾಡುವಿಕೆಯ ರುಚಿ ತೋರಿಸಲಾಯಿತು. ನಕಲಿ ಎಂದು ಕಂಡ ಯಂತ್ರಗಳ ಹಿನ್ನೆಲೆ ಗಂಟೆಗೊಮ್ಮೆ ಕಪ್ಪಾಗುತ್ತಿತ್ತು. ಕೆಲಸಕ್ಕೇನೂ ಅಡ್ಡಿಯಿಲ್ಲ, ಹಿನ್ನೆಲೆಯನ್ನು ಮತ್ತೆ ಸರಿಪಡಿಸಿಕೊಳ್ಳಬಹುದು, ಒಂದು ಗಂಟೆ ಬಿಟ್ಟು ಮತ್ತೆ ಕಪ್ಪು. ಚೀನಾದಲ್ಲಿ ಜನ ಕೆರಳಿದರು. ನಮ್ಮ ಮನೆಯ ಯಂತ್ರದೊಳಗೆ ಕೈಹಾಕಲು ನೀವು ಯಾರು ಎಂಬುದು ಅವರ ಪ್ರಶ್ನೆ. ಕದ್ದವರ ಕೋಪಕ್ಕೆ ಬೆಲೆಯೇನು ಎಂದು ತಳ್ಳಿಹಾಕಬಹುದು. ಆದರೆ ಅಂಗಡಿಯವನು ನಕಲು ತುಂಬಿ ಮಾರಿದ್ದನ್ನು ಅರಿಯದೆ ಕೊಂಡವರೂ ಆ ಕಪ್ಪು ತೆರೆಯ ಮುಂದೆ ಕೂತಿದ್ದರು.

ಹೆದರಿಕೆಯ ಬೆಲೆ

ತಪಾಸಣೆಯ ಇನ್ನೊಂದು ಪರಿಣಾಮ ಕಣ್ಣಿಗೆ ಬೀಳುವಂಥದಲ್ಲ. ಕಾರ್ಯಾಚರಣ ವ್ಯವಸ್ಥೆಯಲ್ಲಿ ಕಾಲಕಾಲಕ್ಕೆ ದೋಷಗಳು ಪತ್ತೆಯಾಗುತ್ತವೆ, ಅವನ್ನು ಮುಚ್ಚುವ ತೇಪೆಗಳನ್ನು ಕಂಪನಿ ಅಂತರಜಾಲದ ಮೂಲಕ ಕಳುಹಿಸುತ್ತದೆ. ಎಕ್ಸ್‌ಪಿ ಕಾಲದಲ್ಲಿ ಭದ್ರತೆಯ ತೇಪೆಗಳನ್ನು ನಕಲು ಪ್ರತಿಗಳಿಗೂ ತಾನಾಗಿ ತಲುಪುವ ದಾರಿಯಲ್ಲಿ ಬಿಡಲಾಗಿತ್ತು. ಹಿಂದೆ ಊರಿನಲ್ಲಿ ಸಿಡುಬಿನ ಲಸಿಕೆ ಹಾಕುತ್ತಿದ್ದಾಗ ಮನೆಗಂದಾಯ ಕಟ್ಟಿದ್ದೀರಾ ಎಂದು ಕೇಳುತ್ತಿರಲಿಲ್ಲವಲ್ಲ, ಅದೇ ನ್ಯಾಯ. ಆದರೆ ತೇಪೆಯ ಜೊತೆಯಲ್ಲೇ ತಪಾಸಣೆಯೂ ಬಂದೀತೆಂದು ಹೆದರಿದವರು ಪರಿಷ್ಕರಣೆಯ ಬಾಗಿಲನ್ನೇ ಮುಚ್ಚಿಕೊಂಡರು. 2008 ರ ಅಕ್ಟೋಬರಿನಲ್ಲಿ ಒಂದು ದೋಷಕ್ಕೆ ತೇಪೆ ಬಂದಿತ್ತು. ನವೆಂಬರಿನಲ್ಲಿ ಕಾನ್‌ಫಿಕರ್ ಎಂಬ ಹುಳು ಅದೇ ದೋಷದ ಮೂಲಕ ನುಗ್ಗಿ, ತೇಪೆ ಹಾಕಿಕೊಳ್ಳದ ಲಕ್ಷಾಂತರ ಯಂತ್ರಗಳನ್ನು ಹಿಡಿಯಿತು. 2017 ರ ಮೇ 12 ರಂದು ಜಗತ್ತನ್ನೇ ಕಾಡಿದ ವಾನಾಕ್ರೈ ಕೂಡ ಎರಡು ತಿಂಗಳ ಹಿಂದೆಯೇ ಮದ್ದು ಬಂದಿದ್ದ ರೋಗ. ತೇಪೆ ಹಾಕಿಕೊಳ್ಳದವರೆಲ್ಲ ನಕಲಿನವರಲ್ಲ, ಸೋಮಾರಿಗಳೂ ಇದ್ದರು. ಆದರೆ ಸಿಕ್ಕಿಬೀಳುವ ಭಯದಿಂದ ಮದ್ದನ್ನು ದೂರವಿಟ್ಟವರಿಂದ ಸೋಂಕು ಪಕ್ಕದ ಅಸಲಿ ಯಂತ್ರಕ್ಕೂ ದಾಟುತ್ತದೆ.

ಇದಕ್ಕಿಂತ ನೇರವಾದ ಅಪಾಯವೂ ಉಂಟು. ಹಾಜರಿ ತಪ್ಪಿಸಲೆಂದು ಅಂತರಜಾಲದಲ್ಲಿ ಪುಕ್ಕಟೆ ಸಿಗುವ ಸಾಧನಗಳು ಮೊಟ್ಟಮೊದಲು ಕೇಳುವುದು, ನಿಮ್ಮ ವೈರಸ್ ನಿರೋಧಕವನ್ನು ಆರಿಸಿ ಎಂದು. ಬೀಗ ದುರಸ್ತಿಗೆ ಬಂದವನು ಮೊದಲು ನಾಯಿಯನ್ನು ದೂರ ಕಟ್ಟಿ ಎಂದ ಹಾಗೆ. ಅಂಥವನನ್ನು ಬ್ಯಾಂಕಿನ ವ್ಯವಹಾರ ನಡೆಯುವ ಯಂತ್ರದೊಳಗೆ ಬಿಟ್ಟುಕೊಳ್ಳುವುದು ವಿವೇಕವಲ್ಲ.

ನಕಲು ಎಷ್ಟಿದೆ? ತಂತ್ರಾಂಶ ಕಂಪನಿಗಳ ಒಕ್ಕೂಟವಾದ ಬಿಸಿನೆಸ್ ಸಾಫ್ಟ್‌ವೇರ್ ಅಲಯನ್ಸ್ ನಡೆಸಿದ ಅಧ್ಯಯನಗಳ ಪ್ರಕಾರ 2011 ರಲ್ಲಿ ಭಾರತದ ಗಣಕಗಳಲ್ಲಿದ್ದ ತಂತ್ರಾಂಶದಲ್ಲಿ ಶೇಕಡಾ 63 ಪರವಾನಗಿ ಇಲ್ಲದ್ದು. 2017 ರ ಹೊತ್ತಿಗೆ ಇದು ಶೇಕಡಾ 56 ಕ್ಕೆ ಇಳಿದಿತ್ತು. ಈ ಅಂಕಿಗಳನ್ನು ಸ್ವಲ್ಪ ಎಚ್ಚರದಿಂದ ನೋಡುವುದು ಒಳ್ಳೆಯದು. ಇವು ಎಣಿಸಿ ಬರೆದವಲ್ಲ, ಅಂದಾಜು. ಲೆಕ್ಕ ಹಾಕಿಸಿದವರು ನಷ್ಟ ಹೊತ್ತವರೇ. ಅದರಲ್ಲೂ, ಪ್ರತಿ ನಕಲನ್ನು ಅಂಗಡಿಯ ಬೆಲೆಯಿಂದ ಗುಣಿಸಿ ಇಷ್ಟು ಕೋಟಿ ಎಂದು ಹೇಳುವಾಗ, ನಕಲು ಸಿಗದಿದ್ದರೆ ಅವರೆಲ್ಲರೂ ಪೂರ್ತಿ ಹಣ ಕೊಟ್ಟು ಕೊಳ್ಳುತ್ತಿದ್ದರು ಎಂದು ಊಹಿಸಿದಂತಾಗುತ್ತದೆ. ಬೆಲೆ ಅಮೆರಿಕದ ಸಂಬಳಕ್ಕೆ ತಕ್ಕಂತೆ, ಕೊಳ್ಳುವವನು ನಮ್ಮ ಊರಿನ ಟೈಪಿಂಗ್ ಶಾಲೆಯವನು ಎಂದಾಗ ಈ ಊಹೆ ನಿಲ್ಲುವುದಿಲ್ಲ. ಕಂಪನಿಗೂ ಇದು ತಿಳಿಯದ್ದೇನಲ್ಲ. ಭಾರತವೂ ಸೇರಿ ಕೆಲವು ದೇಶಗಳಿಗೆ ಎಕ್ಸ್‌ಪಿಯ ಅಗ್ಗದ ಸ್ಟಾರ್ಟರ್ ಆವೃತ್ತಿಯನ್ನು ತಂದಿತು. ಏಕಕಾಲಕ್ಕೆ ಮೂರು ತಂತ್ರಾಂಶಗಳನ್ನು ಮಾತ್ರ ತೆರೆಯಬಹುದಾಗಿದ್ದ ಅದನ್ನು ಅರ್ಧ ಬಡಿಸಿದ ಎಲೆ ಎನ್ನಬಹುದು. ಪಕ್ಕದಲ್ಲಿ ಪೂರ್ತಿ ಊಟ ಪುಕ್ಕಟೆ ಸಿಗುತ್ತಿದ್ದಾಗ ಯಾರಿಗೂ ಅದು ರುಚಿಸುವಂತಿರಲಿಲ್ಲ.

ಹಾಗೆಂದು ನಷ್ಟವೇ ಇಲ್ಲ ಎನ್ನುವುದೂ ತಪ್ಪು, ನಷ್ಟವೆಲ್ಲ ಸಾಗರದಾಚೆಯವರಿಗೆ ಎನ್ನುವುದು ಇನ್ನೂ ತಪ್ಪು. ನಮ್ಮ ವ್ಯಾಪಾರಸ್ಥರ ಲೆಕ್ಕಪತ್ರದಲ್ಲಿ ಮನೆಮಾತಾದ ಟ್ಯಾಲಿ ಬೆಂಗಳೂರಿನ ಕಂಪನಿಯದು, 1986 ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಶುರುವಾದದ್ದು. ಅದೂ ಕ್ರಮಸಂಖ್ಯೆ ಮತ್ತು ಸಕ್ರಿಯಗೊಳಿಸುವ ಕೀಲಿಯ ಕಾವಲಿಟ್ಟುಕೊಂಡೇ ಬದುಕಬೇಕಾಗಿದೆ. ಹತ್ತಾರು ಜನ ಕೂತು ವರ್ಷಗಟ್ಟಲೆ ದುಡಿದು ಮಾಡಿದ್ದನ್ನು ಒಂದು ರಾತ್ರಿಯಲ್ಲಿ ನಕಲು ಮಾಡಿ ಹಂಚಿದರೆ, ದೊಡ್ಡ ಕಂಪನಿ ತಡೆದುಕೊಂಡೀತು, ಸಣ್ಣದು ಅಂಗಡಿ ಮುಚ್ಚುತ್ತದೆ.

ಕಾನೂನು ಏನು ಹೇಳುತ್ತದೆ

ನಮ್ಮ ದೇಶದ 1957 ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 1984 ರ ತಿದ್ದುಪಡಿ ಬಂದ ಮೇಲೆ ಗಣಕದ ತಂತ್ರಾಂಶವೂ ಕಥೆ ಕಾದಂಬರಿಗಳಂತೆ ಸಾಹಿತ್ಯ ಕೃತಿಯ ಸಾಲಿಗೆ ಸೇರಿತು. 63ಬಿ ಎಂಬ ಕಲಂ ನೇರವಾಗಿ ಬಳಕೆದಾರನಿಗೆ ಸಂಬಂಧಿಸಿದ್ದು. ನಕಲು ಎಂದು ಗೊತ್ತಿದ್ದೂ ಅಂಥ ತಂತ್ರಾಂಶವನ್ನು ಗಣಕದಲ್ಲಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರ ವಹಿವಾಟಿನ ಲಾಭಕ್ಕಾಗಿ ಬಳಸಿರದಿದ್ದರೆ ನ್ಯಾಯಾಲಯ ಕಾರಣ ದಾಖಲಿಸಿ, ಸೆರೆವಾಸ ಬಿಟ್ಟು 50,000 ರೂಪಾಯಿವರೆಗೆ ದಂಡವನ್ನಷ್ಟೇ ಹಾಕಬಹುದು. 'ಗೊತ್ತಿದ್ದೂ' ಎಂಬ ಪದವನ್ನು ಗಮನಿಸಬೇಕು. ಕಾನೂನು ಬಳಕೆದಾರನ ಅರಿವನ್ನು ವಿಚಾರಿಸುತ್ತದೆ. ಯಂತ್ರದ ತಪಾಸಣೆಗೆ ಆ ವ್ಯವಧಾನವಿಲ್ಲ.

2012 ರ ತಿದ್ದುಪಡಿಯಲ್ಲಿ 65ಎ ಎಂಬ ಕಲಂ ಸೇರಿತು. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗವನ್ನು ಮುರಿದರೆ 2 ವರ್ಷದವರೆಗೆ ಸೆರೆವಾಸ ಮತ್ತು ದಂಡ. ಇನ್ನೊಂದು ಕಡೆ, ಕೊಂಡವನಿಗೂ ಇದೇ ಅಧಿನಿಯಮ ಕೆಲವು ಹಕ್ಕುಗಳನ್ನು ಕೊಟ್ಟಿದೆ. ನ್ಯಾಯವಾಗಿ ಪಡೆದ ತಂತ್ರಾಂಶ ಹಾಳಾದರೆ, ಕಳೆದುಹೋದರೆ ಇರಲಿ ಎಂದು ರಕ್ಷಣೆಗಾಗಿ ಒಂದು ಪ್ರತಿ ಮಾಡಿಟ್ಟುಕೊಳ್ಳುವುದು 52 ನೆಯ ಕಲಮಿನ ಪ್ರಕಾರ ಅಪರಾಧವಲ್ಲ.

ಈಗಿನ ಪರಿಸ್ಥಿತಿಗೆ ಬರೋಣ. 2012 ರಲ್ಲಿ ಬಂದ ವಿಂಡೋಸ್ 8 ರಿಂದ ಈಚೆಗೆ, ದೊಡ್ಡ ತಯಾರಕರ ಹೊಸ ಗಣಕ ಕೊಂಡರೆ ಕೀಲಿಯನ್ನು ಅದರ ಮುಖ್ಯ ಫಲಕದ ಚಿಪ್ಪಿನೊಳಗೇ ಬರೆದು ಕಳುಹಿಸಿರುತ್ತಾರೆ. ವಿಂಡೋಸ್ 10 ಮತ್ತು 11 ರಲ್ಲಿ ಹಾಜರಿ ಹಾಕದ ಪ್ರತಿಯೂ ಬಹುಪಾಲು ಕೆಲಸ ಮಾಡುತ್ತದೆ. ಮೂಲೆಯಲ್ಲಿ ಮಸುಕಾದ ಸಾಲು ಇರುತ್ತದೆ, ಹಿನ್ನೆಲೆ, ಬಣ್ಣ ಮುಂತಾದ ಅಲಂಕಾರ ಬದಲಿಸಲು ಬಿಡುವುದಿಲ್ಲ, ಅಷ್ಟೆ. ಸಂಸ್ಥೆಗಳಿಗೆ ಬೇರೆ ಪದ್ಧತಿ ಇದೆ. ಕನಿಷ್ಠ 25 ಯಂತ್ರಗಳಿರುವ ಸಂಸ್ಥೆ ತನ್ನಲ್ಲೇ ಒಂದು ಹಾಜರಿ ಗಣಕ ಇಟ್ಟುಕೊಳ್ಳಬಹುದು. ಉಳಿದವು 180 ದಿನದೊಳಗೆ ಒಮ್ಮೆ ಅದರ ಮುಂದೆ ನಿಂತು ಹೋದರೆ ಸಾಕು. ನಕಲುಗಾರರು ಈಗ ಈ ಹಾಜರಿ ಗಣಕದ ವೇಷವನ್ನೇ ಹಾಕುತ್ತಿದ್ದಾರೆ.

ಈ ಜಂಜಾಟವೇ ಬೇಡ ಎನ್ನುವವರಿಗೆ ಲಿನಕ್ಸ್ ಇದೆ. ಅದರ ಪರವಾನಗಿಯೇ ನಕಲು ಮಾಡಿ ಹಂಚಲು ಅನುಮತಿ ಕೊಡುವುದರಿಂದ ಅಲ್ಲಿ ಹಾಜರಿಯ ಪ್ರಶ್ನೆಯೇ ಇಲ್ಲ. ನೆರೆಯ ಕೇರಳದ ಸರ್ಕಾರಿ ಶಾಲೆಗಳು ಅದನ್ನೇ ಬಳಸುತ್ತಾ ಬಂದಿವೆ. ಆದರೆ ಟ್ಯಾಲಿಯಂಥ ತಂತ್ರಾಂಶಗಳು ವಿಂಡೋಸಿಗೆಂದೇ ತಯಾರಾಗಿರುವುದರಿಂದ ಅಂಗಡಿ, ಕಚೇರಿಗಳಲ್ಲಿ ಬದಲಾವಣೆ ಅಷ್ಟು ಸುಲಭವಲ್ಲ.

ಗಣಕ ಕೊಳ್ಳುವವರಿಗೆ ಎರಡು ಮಾತು. ಅಂಗಡಿಯಲ್ಲಿ ಬಿಡಿಭಾಗ ಜೋಡಿಸಿ ಕೊಟ್ಟ ಯಂತ್ರವಾದರೆ, ಕಾರ್ಯಾಚರಣ ವ್ಯವಸ್ಥೆಯ ಬೆಲೆಯನ್ನು ರಸೀದಿಯಲ್ಲಿ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ. 'ಎಲ್ಲ ಹಾಕಿ ಕೊಟ್ಟಿದ್ದೇವೆ' ಎಂಬ ಮಾತು ರಸೀದಿಯಲ್ಲ. ಅಂತರಜಾಲದಲ್ಲಿ ಕೆಲವೇ ನೂರು ರೂಪಾಯಿಗೆ ಮಾರುವ ಕೀಲಿಗಳಲ್ಲಿ ಸಂಸ್ಥೆಗಳಿಗೆ ಕೊಟ್ಟದ್ದನ್ನು ಬಿಡಿಬಿಡಿಯಾಗಿ ಮಾರುವವು ಇರುತ್ತವೆ. ಇವತ್ತು ಒಪ್ಪಿಗೆಯಾದ ಕೀಲಿ ಮುಂದೊಂದು ದಿನ ರದ್ದಾಗಬಹುದು. ಹಳೆಯ ಗಣಕ ಕೊಳ್ಳುವಾಗ ಸೆಟ್ಟಿಂಗ್ಸ್‌ನಲ್ಲಿರುವ ಆಕ್ಟಿವೇಶನ್ ಪುಟವನ್ನು ಮಾರುವವರ ಎದುರಿಗೇ ತೆರೆಯಿಸಿ ನೋಡಿ. ಇನ್ನು ಮುಖ್ಯ ಫಲಕವನ್ನು ಬದಲಾಯಿಸುವ ದುರಸ್ತಿ ಬಂದರೆ, ಯಂತ್ರವನ್ನು ಕೊಡುವ ಮೊದಲು ಪರವಾನಗಿಯನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿರಿ. 2016 ರಿಂದ ಈ ಸೌಲಭ್ಯವಿದೆ. ಅಂಗಡಿಯಿಂದ ಬಿಡಿಯಾಗಿ ಕೊಂಡ ಪರವಾನಗಿಯಾಗಿದ್ದರೆ, ದುರಸ್ತಿಯ ನಂತರ ಅದೇ ಆಕ್ಟಿವೇಶನ್ ಪುಟದಲ್ಲಿ ಇತ್ತೀಚೆಗೆ ಯಂತ್ರಾಂಶ ಬದಲಿಸಿದ್ದೇನೆ ಎಂಬುದನ್ನು ಆರಿಸಿಕೊಂಡು ಮತ್ತೆ ಹಾಜರಿ ಹಾಕಬಹುದು. ಯಂತ್ರದ ಜೊತೆಗೇ ಬಂದ ಪರವಾನಗಿ ಸಾಮಾನ್ಯವಾಗಿ ಹಳೆಯ ಫಲಕಕ್ಕೆ ಅಂಟಿಕೊಂಡಿರುವುದರಿಂದ, ಅದರ ಬದಲಾವಣೆಯನ್ನು ತಯಾರಕರ ಸೇವಾ ಕೇಂದ್ರದಲ್ಲೇ ಮಾಡಿಸಿ, ರಸೀದಿಯಲ್ಲಿ ಹಳೆಯ ಮತ್ತು ಹೊಸ ಫಲಕದ ಸಂಖ್ಯೆಗಳನ್ನು ಬರೆಸಿಟ್ಟುಕೊಳ್ಳಿ.